ಗುಲಾಮನ ಕೆನ್ನೆಯ ಮೇಲೆ ಉಳಿದ ಪದ

ಕ್ರಿಸ್ತಪೂರ್ವ 160ರಲ್ಲಿ ರೋಮಿನ ದಂಡನಾಯಕ ಎಮಿಲಿಯುಸ್ ಪೌಲುಸ್ ತೀರಿಕೊಂಡಾಗ ಅವನ ಮಕ್ಕಳು ಉತ್ತರಕ್ರಿಯೆಯ ಅಂಗವಾಗಿ ಊರಿಗೆ ನಾಟಕ ಆಡಿಸಿದರು. ಆಗ ರಂಗಕ್ಕೆ ಬಂದದ್ದು ಟೆರೆನ್ಸ್ ಬರೆದ ‘ಅಡೆಲ್ಫಿ’, ಅಂದರೆ ‘ಅಣ್ಣತಮ್ಮಂದಿರು’. ಅದರಲ್ಲಿ ಸಾನ್ನಿಯೊ ಎಂಬ ತಲೆಹಿಡುಕನಿದ್ದಾನೆ. ಅವನ ವಶದಲ್ಲಿದ್ದ ಹುಡುಗಿಯನ್ನು ಸಿರಿವಂತರ ಮನೆಯ ಯುವಕನೊಬ್ಬ ಬಾಗಿಲು ಮುರಿದು ಎತ್ತಿಕೊಂಡು ಹೋಗುತ್ತಾನೆ. ಅಡ್ಡ ಬಂದ ಸಾನ್ನಿಯೊಗೆ ಚೆನ್ನಾಗಿ ಬೀಳುತ್ತದೆ. ಐನೂರಕ್ಕೂ ಹೆಚ್ಚು ಗುದ್ದು ತಿಂದೆನೆಂದು ಅವನು ಗೋಳಾಡುತ್ತಾನೆ, ತಲೆಯೆಲ್ಲ ಬೋರೆಯೆದ್ದಿದೆ ಎನ್ನುತ್ತಾನೆ. ಅವನ ಬಾಯಲ್ಲಿ ಗುದ್ದಿಗೆ ಬರುವ ಪದ ‘ಕೊಲಫುಸ್’. ಗ್ರೀಕಿನ ‘ಕೊಲಫೊಸ್’ ಲ್ಯಾಟಿನ್ನಿಗೆ ಬಂದು ತಳೆದ ರೂಪ ಅದು.

ಆ ನಾಟಕವನ್ನು ಯಾರ ಹೆಸರಿನಲ್ಲಿ ಆಡಿಸಿದರೋ ಆ ಪೌಲುಸ್ ಕ್ರಿಸ್ತಪೂರ್ವ 168ರಲ್ಲಿ ಪಿಡ್ನಾದ ಯುದ್ಧದಲ್ಲಿ ಮ್ಯಾಸಿಡೋನಿಯದ ದೊರೆ ಪರ್ಸಿಯುಸ್‌ನನ್ನು ಸೋಲಿಸಿದವನು. ಮರುವರ್ಷ ಅವನ ಸೈನ್ಯ ಗ್ರೀಸಿನ ವಾಯವ್ಯಕ್ಕಿರುವ ಎಪೈರಸ್ ಸೀಮೆಯ ಎಪ್ಪತ್ತು ಊರುಗಳನ್ನು ಸೂರೆಮಾಡಿ, 1,50,000 ಜನರನ್ನು ಗುಲಾಮರಾಗಿ ಮಾರಿತು ಎಂದು ಪ್ರಾಚೀನ ಇತಿಹಾಸಕಾರರು ದಾಖಲಿಸಿದ್ದಾರೆ. ಅದೇ ಪೌಲುಸ್ ಸೋತ ದೊರೆಯ ಪುಸ್ತಕಭಂಡಾರವನ್ನು ತನ್ನ ಮಕ್ಕಳಿಗೆಂದು ರೋಮಿಗೆ ತರಿಸಿದ. ರೋಮ್ ಗ್ರೀಕನ್ನು ಪಡೆದ ಎರಡು ದಾರಿಗಳೂ ಈ ಒಬ್ಬ ಮನುಷ್ಯನ ಬದುಕಿನಲ್ಲೇ ಕಾಣುತ್ತವೆ. ಪುಸ್ತಕಗಳ ದಾರಿಯಲ್ಲಿ ‘ಫಿಲೊಸೋಫಿಯಾ’ದಂಥ ಪದಗಳು ಬಂದವು. ಗುಲಾಮರ ಸಂತೆಯ ದಾರಿಯಲ್ಲಿ ‘ಕೊಲಫುಸ್’ನಂಥವು ಬಂದವು. ಮೊದಲ ದಾರಿಯ ಬಗ್ಗೆ ನಾವು ಸಾಕಷ್ಟು ಓದಿದ್ದೇವೆ. ಎರಡನೆಯದರ ಬಗ್ಗೆ ಬರೆದದ್ದು ಕಡಿಮೆ, ಏಕೆಂದರೆ ಆ ದಾರಿಯಲ್ಲಿ ನಡೆದವರು ಬರೆಯುವವರಾಗಿರಲಿಲ್ಲ. ಟೆರೆನ್ಸ್ ಇದಕ್ಕೆ ಅಪವಾದ. ಅವನ ಹಳೆಯ ಜೀವನಚರಿತ್ರೆಯ ಪ್ರಕಾರ ಅವನು ಕಾರ್ಥೇಜಿನಲ್ಲಿ ಹುಟ್ಟಿ, ರೋಮಿನಲ್ಲಿ ಒಬ್ಬ ಸೆನೆಟರನ ಗುಲಾಮನಾಗಿದ್ದು, ಆಮೇಲೆ ಬಿಡುಗಡೆ ಪಡೆದವನು.

ಲ್ಯಾಟಿನ್ ನಿಘಂಟುಗಳನ್ನು ತೆರೆದರೆ ‘ಕೊಲಫುಸ್’ನ ಪಕ್ಕದಲ್ಲಿ ಕಾಣುವ ಗುರುತುಗಳು ಸಾಮಾನ್ಯವಾಗಿ ಎರಡು: ಅಪರೂಪದ್ದು, ಆಡುಮಾತಿನದು. ಎರಡನ್ನೂ ಸುಳ್ಳೆನ್ನಲಾಗದು. ಆದರೆ ಈ ಎರಡನ್ನು ಒಟ್ಟಿಗೆ ಓದಿದಾಗ ಮೊದಲನೆಯದು ಎರಡನೆಯದನ್ನು ಮುಚ್ಚಿಬಿಡುತ್ತದೆ. ಆಡುಮಾತಿನ ಪದವೊಂದು ಅಪರೂಪ ಎಂದರೆ ಏನರ್ಥ? ಅದು ಬರಹದಲ್ಲಿ ಅಪರೂಪ ಎಂದಷ್ಟೇ. ಬಾಯಲ್ಲಿ ಅದು ಎಷ್ಟು ಓಡಾಡುತ್ತಿತ್ತು ಎಂಬುದನ್ನು ಬರಹದ ಲೆಕ್ಕದಿಂದ ಹೇಳಲು ಬರುವುದಿಲ್ಲ. ಕೊಲಫುಸ್‌ನ ವಿಷಯದಲ್ಲಿ ಈ ಅಂತರವನ್ನು ತೋರಿಸುವ ಪುರಾವೆ ನಮ್ಮ ಅದೃಷ್ಟಕ್ಕೆ ಉಳಿದಿದೆ. ಅದಕ್ಕೇ ಈ ಒಂದು ಪದದ ಹಿಂದೆ ಹೋಗುವುದು ಸಾರ್ಥಕ ಎಂದು ನನಗೆ ಅನ್ನಿಸುತ್ತದೆ.

ಗ್ರೀಕಿನಲ್ಲೇ ಇದು ಮೇಲಂತಸ್ತಿನ ಪದವಾಗಿರಲಿಲ್ಲ. ಅಥೆನ್ಸಿನ ಶಿಷ್ಟರು ಗುದ್ದಿಗೆ ‘ಕೊಂಡುಲೊಸ್’ ಎನ್ನುತ್ತಿದ್ದರು. ತುಂಬಿದ ರಂಗಮಂದಿರದಲ್ಲಿ ಮೈಡಿಯಾಸ್ ಎಂಬವನಿಂದ ಏಟು ತಿಂದ ಡೆಮಾಸ್ತನೀಸ್ ಅವನ ವಿರುದ್ಧ ಬರೆದ ಪ್ರಸಿದ್ಧ ಭಾಷಣದಲ್ಲಿ ಬಳಸುವುದು ಆ ಪದವನ್ನೇ. ‘ಕೊಲಫೊಸ್’ ದಕ್ಷಿಣ ಇಟಲಿ ಮತ್ತು ಸಿಸಿಲಿಯ ಗ್ರೀಕ್ ವಸಾಹತುಗಳಿಂದ ಲ್ಯಾಟಿನ್ನಿಗೆ ದಾಟಿರಬೇಕೆಂದು ಊಹಿಸಲು ಕಾಲವೂ ಭೂಗೋಳವೂ ಎರಡೂ ಅನುಕೂಲವಾಗಿವೆ. ಪೌಲುಸ್‌ನ ದಂಡಯಾತ್ರೆಗೂ ಮೊದಲೇ ಪದ ರೋಮಿನಲ್ಲಿತ್ತು. ಕ್ರಿಸ್ತಪೂರ್ವ 212ರಲ್ಲಿ ಸಿಸಿಲಿಯ ಸಿರಾಕ್ಯೂಸ್ ರೋಮಿನ ಕೈಗೆ ಬಿತ್ತು; 209ರಲ್ಲಿ ದಕ್ಷಿಣ ಇಟಲಿಯ ಟರೆಂಟಮ್ ಬಿದ್ದಾಗ ಅಲ್ಲಿಯ 30,000 ಜನ ಗುಲಾಮರಾದರು ಎಂದು ಇತಿಹಾಸಕಾರ ಲಿವಿ ಬರೆಯುತ್ತಾನೆ. ಅದೇ ದಶಕಗಳಲ್ಲಿ ಪ್ಲಾಟಸ್ ರೋಮಿನ ಜನರಿಗಾಗಿ ನಾಟಕ ಬರೆಯುತ್ತಿದ್ದ.

ಪ್ಲಾಟಸ್‌ನ ‘ಕಾಪ್ಟಿವಿ’ (ಸೆರೆಯಾಳುಗಳು) ನಾಟಕದಲ್ಲಿ ಈ ಪದ ಎರಡು ಸಲ ಎದುರಾಗುತ್ತದೆ. ಎರಡೂ ಕಡೆ ನಿಂತು ನೋಡಬೇಕು. ಒಮ್ಮೆ ಸಿರಿವಂತರ ಪಂಕ್ತಿಯಲ್ಲಿ ಕೂಳಿಗಾಗಿ ಕಾದು ಕೂರುವ ಎರ್ಗಾಸಿಲಸ್ ಎಂಬ ಹಂಗಿನವನು ತನ್ನ ಕಸುಬಿನ ಕಷ್ಟ ಹೇಳಿಕೊಳ್ಳುತ್ತಾನೆ: ಕೊಲಫುಸ್‌ಗಳನ್ನು ಸಹಿಸಿಕೊಳ್ಳಲಾರದವನಿಗೆ, ತಲೆಯ ಮೇಲೆ ಮಡಕೆ ಒಡೆಸಿಕೊಳ್ಳಲಾರದವನಿಗೆ ಈ ಬದುಕು ಒಗ್ಗದು ಎಂದು. ಇನ್ನೊಮ್ಮೆ ಯಜಮಾನ ಹೆಗಿಯೊ ತಾನು ಮೋಸಹೋದದ್ದು ತಿಳಿದು, ಸೆರೆಯಾಳನ್ನು ಕಟ್ಟಿಹಾಕಲು ಆಳುಗಳನ್ನು ಕೂಗಿ ಕರೆಯುತ್ತಾನೆ. ಆ ಆಳುಗಳಲ್ಲಿ ಒಬ್ಬನ ಹೆಸರೇ ಕೊಲಫುಸ್. ಮನೆಯಲ್ಲಿ ಬೇರೆ ಗುಲಾಮರನ್ನು ಹೊಡೆಯುವ, ಕಟ್ಟುವ ಕೆಲಸಕ್ಕೆಂದು ಇಟ್ಟುಕೊಂಡ ಗುಲಾಮ ಅವನು. ಅವನ ಹೆಸರನ್ನು ಕೇಳಿದ ಕೂಡಲೇ ರಂಗದ ಮುಂದೆ ನಿಂತ ಜನಕ್ಕೆ ಅರ್ಥವಾಗಬೇಕಿತ್ತು. ವಿವರಣೆ ಬೇಕಾಗುವ ಪದವನ್ನು ಪ್ಲಾಟಸ್‌ನಂಥ ರಂಗಜ್ಞ ಹೀಗೆ ಬಳಸುತ್ತಿರಲಿಲ್ಲ. ಅಂದರೆ ಕ್ರಿಸ್ತಪೂರ್ವ 200ರ ಆಸುಪಾಸಿಗೆ ರೋಮಿನ ಬೀದಿಗಳಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಪದ.

ಆಮೇಲೆ ಪುಸ್ತಕಗಳಲ್ಲಿ ಅದು ಆಗೊಮ್ಮೆ ಈಗೊಮ್ಮೆ ಮಾತ್ರ ತಲೆಯೆತ್ತುತ್ತದೆ. ವಾಗ್ಮಿಗಳಿಗೆ ಪಾಠ ಹೇಳುವ ಕ್ವಿಂಟಿಲಿಯನ್ ಇದನ್ನು ಉಲ್ಲೇಖಿಸುವುದು ಹೇಗೆಂದು ನೋಡಿ. ತನಗಿಂತ ಕೆಳಗಿನವನೊಬ್ಬ ಎದುರು ಮಾತಾಡಿದಾಗ ದೊಡ್ಡವನೊಬ್ಬ, ‘ನಿನಗೊಂದು ಬಾರಿಸಿ, ನಿನ್ನ ತಲೆ ಗಟ್ಟಿಯಾಗಿ ನನ್ನ ಕೈ ನೋಯಿತೆಂದು ನಿನ್ನ ಮೇಲೇ ದಾವೆ ಹಾಕುತ್ತೇನೆ’ ಎಂಬ ಅರ್ಥದ ಮಾತನ್ನು ಆಡಿದನಂತೆ. ಇದು ನಗೆ ತರಿಸಿದರೂ ಸಭ್ಯನಿಗೆ ತಕ್ಕ ಮಾತಲ್ಲ ಎನ್ನುವುದು ಕ್ವಿಂಟಿಲಿಯನ್ನನ ತೀರ್ಪು. ಆ ಬೆದರಿಕೆಯಲ್ಲಿರುವ ಪದ ಕೊಲಫುಸ್. ಸೆನೆಕಾ ಕೋಪವನ್ನು ಕುರಿತ ತನ್ನ ಕೃತಿಯಲ್ಲಿ ಸಾಕ್ರಟೀಸನ ಪ್ರಸಂಗವೊಂದನ್ನು ಹೇಳುತ್ತಾನೆ: ಯಾರೋ ಕೊಲಫುಸ್ ಕೊಟ್ಟಾಗ, ಮನೆಯಿಂದ ಯಾವ ದಿನ ಶಿರಸ್ತ್ರಾಣ ಹಾಕಿಕೊಂಡು ಹೊರಡಬೇಕೆಂದು ಮನುಷ್ಯನಿಗೆ ಮುಂಚಿತವಾಗಿ ಗೊತ್ತಾಗುವುದಿಲ್ಲವಲ್ಲ ಎಂದಷ್ಟೇ ಸಾಕ್ರಟೀಸ್ ಹೇಳಿದನಂತೆ. ಎರಡೂ ಕಡೆ ಪದದ ಜೊತೆ ಒಂದು ಅವಮಾನ ಇದೆ. ಯುದ್ಧದಲ್ಲಿ ಬೀಳುವ ಪೆಟ್ಟಿಗೆ ಲ್ಯಾಟಿನ್ನಿನಲ್ಲಿ ಬೇರೆ ಪದಗಳಿದ್ದವು. ಕೊಲಫುಸ್ ಎಂಬುದು ಮುಷ್ಟಿಯಿಂದ ಮುಖಕ್ಕೆ ಬೀಳುವ ಏಟು. ಹಿಂದಿರುಗಿಸುವ ಹಕ್ಕಿಲ್ಲದವನಿಗೆ ಬೀಳುವ ಏಟು.

ಈ ಕಥೆಯ ತಿರುಳು ನೀರೋನ ಕಾಲದಲ್ಲಿ ಪೆಟ್ರೋನಿಯಸ್ ಬರೆದ ‘ಸಟಿರಿಕಾನ್’ನಲ್ಲಿದೆ. ಬಿಡುಗಡೆಗೊಂಡು ಕುಬೇರನಾದ ಟ್ರಿಮಾಲ್ಕಿಯೊ ಎಂಬ ಮಾಜಿ ಗುಲಾಮನ ಔತಣ ಅದರ ಬಹುದೊಡ್ಡ ಭಾಗ. ಊಟದ ನಡುವೆ ತಟ್ಟೆಯೊಂದು ಕೆಳಗೆ ಬೀಳುತ್ತದೆ. ಹುಡುಗನೊಬ್ಬ ಎತ್ತಿಕೊಳ್ಳುತ್ತಾನೆ. ಟ್ರಿಮಾಲ್ಕಿಯೊ ಆ ಹುಡುಗನಿಗೆ ಕೊಲಫುಸ್ ಕೊಡಿಸಿ, ತಟ್ಟೆಯನ್ನು ಮತ್ತೆ ಕೆಳಗೆ ಎಸೆಸುತ್ತಾನೆ. ಬಿದ್ದ ಬೆಳ್ಳಿಯನ್ನು ಉಳಿದ ಕಸದ ಜೊತೆ ಗುಡಿಸಿ ಹಾಕಲಾಗುತ್ತದೆ. ತಾನೇ ಗುಲಾಮನಾಗಿದ್ದವನು ಇನ್ನೊಬ್ಬ ಗುಲಾಮ ಹುಡುಗನಿಗೆ, ಬಿದ್ದದ್ದನ್ನು ಎತ್ತಿಕೊಂಡ ತಪ್ಪಿಗೆ, ಗುದ್ದು ಕೊಡಿಸುತ್ತಾನೆ. ಈ ದೃಶ್ಯವನ್ನು ಹೇಳುವವನು ಓದುಬರಹ ಬಲ್ಲ ನಿರೂಪಕ. ಅವನ ಪದದ ರೂಪ ಶಿಷ್ಟವಾಗಿದೆ.

ಸ್ವಲ್ಪ ಮುಂದೆ ಅದೇ ಪಂಕ್ತಿಯಲ್ಲಿ ಗ್ಯಾನಿಮೀಡ್ ಎಂಬ ಇನ್ನೊಬ್ಬ ಮಾತಿಗೆ ತೊಡಗುತ್ತಾನೆ. ರೊಟ್ಟಿ ತುಟ್ಟಿಯಾಗಿದೆ, ಪೇಟೆಯ ಅಧಿಕಾರಿಗಳು ರೊಟ್ಟಿ ಸುಡುವವರ ಜೊತೆ ಶಾಮೀಲಾಗಿದ್ದಾರೆ, ಬಡವರು ಸಾಯುತ್ತಿದ್ದಾರೆ ಎನ್ನುವುದು ಅವನ ಸಂಕಟ. ತಾನು ಏಷ್ಯಾದಿಂದ ಮೊದಲು ಇಲ್ಲಿಗೆ ಬಂದಾಗ ಹೀಗಿರಲಿಲ್ಲ, ಆಗ ಊರಲ್ಲಿ ಸಿಂಹದಂಥ ಗಂಡಸರಿದ್ದರು, ಹಿಟ್ಟು ಕಳಪೆಯಾದರೆ ಇಂಥ ಪಿಶಾಚಿಗಳನ್ನು ಹಿಡಿದು ಚಚ್ಚುತ್ತಿದ್ದರು ಎನ್ನುತ್ತಾನೆ. ಚಚ್ಚುವುದಕ್ಕೆ ಅವನು ಬಳಸುವ ಕ್ರಿಯಾಪದ ‘ಪೆರ್‌ಕೊಲೊಪಾರೆ’. ಕೊಲಫುಸ್‌ಗೆ ‘ಪೂರ್ತಿಯಾಗಿ’ ಎಂಬರ್ಥದ ಲ್ಯಾಟಿನ್ ಉಪಸರ್ಗ ಹಚ್ಚಿ ಆಡುಮಾತು ಕಟ್ಟಿಕೊಂಡ ಪದ. ಗ್ರೀಕ್ ಬೇರು, ಲ್ಯಾಟಿನ್ ರೆಂಬೆ. ಗಮನಿಸಬೇಕಾದ ಎರಡು ಸಂಗತಿಗಳಿವೆ. ಒಂದು, ಇಲ್ಲಿ ಏಟಿನ ದಿಕ್ಕು ತಿರುಗಿದೆ. ಏಟು ಬೀಳುವುದು ಅಧಿಕಾರಿಗಳಿಗೆ. ಎರಡು, ಗ್ಯಾನಿಮೀಡ್‌ನ ಬಾಯಲ್ಲಿ ‘ಫ’ ಇಲ್ಲ, ‘ಪ’ ಇದೆ.

ಈ ಪಕಾರವನ್ನು ಕನ್ನಡದ ಓದುಗರಿಗೆ ಬಿಡಿಸಿ ಹೇಳುವುದು ಸುಲಭ. ಗ್ರೀಕಿನ ಆ ಅಕ್ಷರದ ಉಚ್ಚಾರ ಆ ಕಾಲದಲ್ಲಿ ಇಂಗ್ಲಿಷಿನ ‘ಎಫ್’ನಂತಿರಲಿಲ್ಲ. ನಮ್ಮ ‘ಫಲ’ದ ಫಕಾರದಂತೆ ಉಸಿರು ಸೇರಿದ ಪಕಾರ ಅದು, ಮಹಾಪ್ರಾಣ. ಲ್ಯಾಟಿನ್ನಿಗೆ ಮಹಾಪ್ರಾಣಗಳಿರಲಿಲ್ಲ. ಕೇಳಿ ಕಲಿತ ರೋಮನ್ನರು ಅದನ್ನು ಅಲ್ಪಪ್ರಾಣ ಮಾಡಿಕೊಂಡರು, ‘ಘಂಟೆ’ ನಮ್ಮ ಬಾಯಲ್ಲಿ ‘ಗಂಟೆ’ಯಾದಂತೆ. ಗ್ರೀಕಿನ ‘ಪೊರ್ಫುರಾ’ ಎಂಬ ನೇರಳೆ ಬಣ್ಣ ಹೀಗೆಯೇ ‘ಪುರ್ಪುರಾ’ ಆಯಿತು. ನಮ್ಮಲ್ಲಿ ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ತದ್ಭವಗಳಿಗೆಂದೇ ‘ಶಬ್ದಮಣಿದರ್ಪಣ’ದಲ್ಲಿ ಒಂದು ಪ್ರಕರಣವನ್ನು ಮೀಸಲಿಟ್ಟು, ಅವು ಹೇಗೆ ಮಾರ್ಪಡುತ್ತವೆಂದು ವಿವರಿಸಿದ. ರೋಮಿನ ವೈಯಾಕರಣರ ಒಲವು ತಿದ್ದುವುದರ ಕಡೆಗಿತ್ತು. ‘ಪ್ರೋಬಸ್‌ನ ಅನುಬಂಧ’ ಎಂದು ಕರೆಯುವ ಹಳೆಯ ಪಟ್ಟಿಯೊಂದು ಉಳಿದಿದೆ. ಹೀಗೆ ಹೇಳು, ಹಾಗೆ ಹೇಳಬೇಡ ಎಂಬ ಇನ್ನೂರಕ್ಕೂ ಹೆಚ್ಚು ತಿದ್ದುಪಡಿಗಳು ಅದರಲ್ಲಿವೆ. ಮಧ್ಯದ ಸ್ವರ ನುಂಗಬೇಡಿ ಎನ್ನುವುದು ಅದರ ಪದೇಪದೇ ಬರುವ ಎಚ್ಚರಿಕೆ. ಆ ಮೇಷ್ಟರು ತಪ್ಪೆಂದು ಗುರುತಿಸಿದ ಉಚ್ಚಾರಗಳೇ ಮುಂದೆ ಇಟಾಲಿಯನ್, ಫ್ರೆಂಚ್, ಸ್ಪ್ಯಾನಿಷ್ ಆದವು. ಭಾಷಾ ಇತಿಹಾಸಕಾರರಿಗೆ ಅವರ ಆ ಪಟ್ಟಿ ಇವತ್ತು ಬೆಲೆಕಟ್ಟಲಾಗದ ದಾಖಲೆ.

ಜನ ಎಂದರೆ ಒಂದೇ ಗುಂಪು ಎಂದು ತಿಳಿಯುವುದೂ ಸರಿಯಲ್ಲ. ಸಿಸೆರೊ ಹೇಳುವ ಒಂದು ಮಾತು ಇದಕ್ಕೆ ಸಾಕ್ಷಿ. ಹಿಂದಿನವರು ವ್ಯಂಜನಗಳಿಗೆ ಉಸಿರು ಸೇರಿಸುತ್ತಿರಲಿಲ್ಲವೆಂದು ಗೊತ್ತಿದ್ದರಿಂದ ತಾನೂ ಬಹಳ ಕಾಲ ಸೇರಿಸಲಿಲ್ಲ. ಕೊನೆಗೆ ಜನರ ಕಿವಿಯ ಒತ್ತಡಕ್ಕೆ ಮಣಿದು, ಬಳಕೆಯನ್ನು ಜನಕ್ಕೆ ಬಿಟ್ಟುಕೊಟ್ಟು ತಿಳಿವಳಿಕೆಯನ್ನು ತನ್ನಲ್ಲಿಟ್ಟುಕೊಂಡೆ ಎಂದು ಅವನು ಬರೆದಿದ್ದಾನೆ. ಅಲ್ಲಿ ಮಹಾಪ್ರಾಣ ಬೇಕೆಂದವರೇ ಜನ. ಆದರೆ ಅವರು ಸಿಸೆರೊ ಮಾತಾಡುವ ಸಭೆಗಳಲ್ಲಿ ಕಿವಿಗೊಟ್ಟು ಕೂರುವ ಪಟ್ಟಣಿಗರು, ಗ್ರೀಕಿನ ಗತ್ತನ್ನು ಬಯಸಿದವರು. ಅಡುಗೆಮನೆ, ಬಂದರು, ಗಣಿಗಳಲ್ಲಿದ್ದವರ ಬಾಯಿ ಪಕಾರವನ್ನು ಬಿಡಲಿಲ್ಲ.

ಪೆಟ್ರೋನಿಯಸ್‌ನ ಆ ಔತಣದ ಭಾಗ ನಮಗೆ ಉಳಿದ ಬಗೆಯೂ ಈ ವಾದಕ್ಕೆ ಬೇಕಾದ ಸಂಗತಿಯೇ. ಅದು ಪೂರ್ತಿಯಾಗಿ ಇರುವುದು ಒಂದೇ ಒಂದು ಹಸ್ತಪ್ರತಿಯಲ್ಲಿ. ಹದಿನೈದನೆಯ ಶತಮಾನದ ಆ ಪ್ರತಿ ಸುಮಾರು 1650ರಲ್ಲಿ ಏಡ್ರಿಯಾಟಿಕ್ ಕರಾವಳಿಯ ಟ್ರೋಗಿರ್ ಪಟ್ಟಣದಲ್ಲಿ ಸಿಕ್ಕಿತು, 1664ರಲ್ಲಿ ಪಾದುವಾದಲ್ಲಿ ಅಚ್ಚಾಯಿತು. ಕೆಲವು ವಿದ್ವಾಂಸರು ಅದನ್ನು ಕೂಡಲೇ ಖೋಟಾ ಎಂದರು; ಅವರ ಅನುಮಾನಕ್ಕೆ ಇದ್ದ ಕಾರಣಗಳಲ್ಲಿ ಒಂದು ಅದರ ಭಾಷೆ. ಮಾಜಿ ಗುಲಾಮರ ಮಾತು ಅವರು ಓದಿದ್ದ ಲ್ಯಾಟಿನ್ನಿನಂತೆ ಇರಲಿಲ್ಲ. ಆ ಒಂದು ಪ್ರತಿ ಇಲಿ ತಿಂದು ಹೋಗಿದ್ದರೆ ‘ಪೆರ್‌ಕೊಲೊಪಾರೆ’ ಎಂಬ ಕ್ರಿಯಾಪದ ಇತ್ತೆಂಬುದೇ ನಮಗೆ ತಿಳಿಯುತ್ತಿರಲಿಲ್ಲ. ನಿಘಂಟಿನ ‘ಅಪರೂಪ’ ಎಂಬ ಗುರುತು ಎಷ್ಟು ತೆಳುವಾದ ಎಳೆಯ ಮೇಲೆ ನಿಂತಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ.

ಅತ್ತ ಅರಮನೆಯಲ್ಲಿ ಬೇರೆಯದೇ ಕಾವಲು ನಡೆದಿತ್ತು. ಗ್ರೀಕನ್ನು ಸಲೀಸಾಗಿ ಮಾತಾಡಬಲ್ಲ ಚಕ್ರವರ್ತಿ ಟೈಬೀರಿಯಸ್ ಸೆನೆಟ್ಟಿನಲ್ಲಿ ಮಾತ್ರ ಗ್ರೀಕ್ ಪದಗಳು ಸುಳಿಯಬಾರದೆನ್ನುತ್ತಿದ್ದ. ‘ಮೊನೊಪೊಲಿಯುಮ್’ ಎನ್ನಬೇಕಾಗಿ ಬಂದಾಗ ಮೊದಲು ಕ್ಷಮೆ ಕೇಳಿದ. ಠರಾವೊಂದರಲ್ಲಿ ‘ಎಂಬ್ಲೆಮಾ’ ಎಂಬ ಪದ ಕಂಡು ಅದನ್ನು ತೆಗೆದು ಲ್ಯಾಟಿನ್ ಪದ ಹುಡುಕಿ, ಸಿಗದಿದ್ದರೆ ಸುತ್ತುಬಳಸಿಯಾದರೂ ಹೇಳಿ ಎಂದ. ಸುಯೆಟೋನಿಯಸ್ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಟೈಬೀರಿಯಸ್‌ನ ಕಾಳಜಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ತನ್ನ ಭಾಷೆ ಆಡಳಿತದ ಎಲ್ಲ ಮಾತುಗಳನ್ನೂ ಹೇಳಬಲ್ಲದು ಎಂಬ ಹಟ ಯಾವ ನುಡಿಗೂ ಬೇಕಾದದ್ದೇ. ಆದರೆ ಅವನು ಕಾವಲಿಟ್ಟದ್ದು ಒಂದು ಬಾಗಿಲಿಗೆ. ಕತ್ತಿಗೆ ‘ಸ್ಪಾತಾ’, ಕಲ್ಲಿಗೆ ‘ಪೆತ್ರಾ’, ಕಾಲಿಗೆ ‘ಗಂಬಾ’, ಮಾವ-ಚಿಕ್ಕಪ್ಪನಿಗೆ ‘ತಿಯುಸ್’ ಎನ್ನುವ ಗ್ರೀಕ್ ಮೂಲದ ಪದಗಳು ಸೈನಿಕರ, ಕುದುರೆ ವೈದ್ಯರ, ಮನೆಮಂದಿಯ ಬಾಯಲ್ಲಿ ಕಾಲಾನಂತರದಲ್ಲಿ ನೆಲೆಯೂರುತ್ತ ಹೋದವು. ಸ್ಪ್ಯಾನಿಷ್‌ನ ‘ಎಸ್ಪಾದಾ’ ಮತ್ತು ‘ತೀಯೊ’, ಫ್ರೆಂಚಿನ ‘ಪಿಯೆರ್’, ಇಟಾಲಿಯನ್ನಿನ ‘ಗಂಬಾ’ ಅವುಗಳ ಮಕ್ಕಳು. ಸೆನೆಟ್ಟಿನ ಅನುಮತಿಯನ್ನು ಇವು ಯಾವುವೂ ಕೇಳಲಿಲ್ಲ.

ಕೊಲಫುಸ್‌ಗೆ ಬರಹದಲ್ಲಿ ಗಟ್ಟಿ ನೆಲೆ ಸಿಕ್ಕಿದ್ದು ಬೈಬಲ್ಲಿನಿಂದ. ಮತ್ತಾಯ ಮತ್ತು ಮಾರ್ಕನ ಸುವಾರ್ತೆಗಳಲ್ಲಿ ಬಂಧನಕ್ಕೊಳಗಾದ ಯೇಸುವಿನ ಮುಖಕ್ಕೆ ಉಗುಳಿ ಗುದ್ದುವ ಪ್ರಸಂಗವಿದೆ. ಮೂಲ ಗ್ರೀಕಿನಲ್ಲಿ ಅಲ್ಲಿರುವುದು ಕೊಲಫೊಸ್‌ನಿಂದಾದ ಕ್ರಿಯಾಪದ. ಲ್ಯಾಟಿನ್ ಬೈಬಲ್ ಅದನ್ನು ಕೊಲಫುಸ್ ಎಂದೇ ಇಟ್ಟುಕೊಂಡಿತು. ಪೌಲನ ಪತ್ರಗಳಲ್ಲಿ ಎರಡು ಕಡೆ ಅದು ಬರುತ್ತದೆ. ನನ್ನ ಮನಸ್ಸನ್ನು ಹೆಚ್ಚು ಕಲಕುವುದು ಪೇತ್ರನ ಮೊದಲ ಪತ್ರದ ಎರಡನೆಯ ಅಧ್ಯಾಯ. ಮನೆಯ ಗುಲಾಮರನ್ನೇ ಉದ್ದೇಶಿಸಿ ಬರೆದ ಭಾಗ ಅದು. ತಪ್ಪು ಮಾಡಿ ಗುದ್ದು ತಿಂದು ಸಹಿಸಿಕೊಂಡರೆ ಅದರಲ್ಲಿ ಹೆಚ್ಚುಗಾರಿಕೆ ಏನು, ಒಳ್ಳೆಯದು ಮಾಡಿಯೂ ನೋವು ಸಹಿಸಿದರೆ ಅದು ದೇವರಿಗೆ ಮೆಚ್ಚು ಎನ್ನುತ್ತದೆ. ಈ ಬೋಧನೆಯನ್ನು ನಾನು ಒಪ್ಪಲಾರೆ. ಗುಲಾಮಗಿರಿಯನ್ನು ಸಹಿಸಲು ಕಲಿಸುವ ಮಾತು ಅದು, ಶತಮಾನಗಳ ಕಾಲ ಯಜಮಾನರಿಗೆ ಒದಗಿಬಂದ ಮಾತು. ಆದರೂ ಒಂದು ಸತ್ಯ ಅಲ್ಲಿದೆ. ಯೇಸುವಿಗೆ ಬಿದ್ದ ಏಟಿಗೆ ಯಾವ ಪದವೋ ಗುಲಾಮನಿಗೆ ಬಿದ್ದ ಏಟಿಗೂ ಅದೇ ಪದ. ಆ ಪತ್ರವನ್ನು ಕೇಳಿಸಿಕೊಂಡ ಗುಲಾಮರಿಗೆ ಆ ಪದ ಪರಕೀಯವಾಗಿರಲಿಲ್ಲ, ಅವರ ಮೈಮೇಲೆ ಇತ್ತು. ಜನಕ್ಕೆ ಅರ್ಥವಾಗದೇ ಹೋಗುವುದಕ್ಕಿಂತ ವೈಯಾಕರಣರು ಬೈಯುವುದೇ ಮೇಲು ಎಂಬ ಅಭಿಪ್ರಾಯವನ್ನು ಮುಂದೆ ಅಗಸ್ಟೀನ್ ತನ್ನ ಉಪದೇಶವೊಂದರಲ್ಲಿ ಹೇಳಿದ. ಅವನು ಸ್ವತಃ ಅಲಂಕಾರಶಾಸ್ತ್ರದ ಅಧ್ಯಾಪಕನಾಗಿದ್ದವನು. ಆ ಮಾತಿಗೆ ಅದರಿಂದಾಗಿ ಹೆಚ್ಚು ತೂಕ.

ಆರನೆಯ ಶತಮಾನದ ಆದಿಯಲ್ಲಿ ಫ್ರಾಂಕ್ ಜನರ ಕಾನೂನನ್ನು ಲ್ಯಾಟಿನ್ನಿನಲ್ಲಿ ಬರೆದಾಗ ಹಲ್ಲೆಯ ಪ್ರಕರಣದಲ್ಲಿ ಏಟಿಗೆ ಬಂದ ರೂಪ ‘ಕೊಲ್ಪುಸ್’. ಫಕಾರ ಪಕಾರವಾಗಿದೆ, ನಡುವಿನ ಅಕಾರ ಬಿದ್ದುಹೋಗಿದೆ. ಪ್ಲಾಟಸ್‌ನ ರಂಗದಿಂದ ಇಲ್ಲಿಗೆ ಏಳುನೂರು ವರ್ಷ. ಈ ಅವಧಿಯ ಪುಸ್ತಕಗಳನ್ನಷ್ಟೇ ಹಿಡಿದು ಕೂತರೆ ಪದದ ಬದುಕು ಅಲ್ಲೊಂದು ಇಲ್ಲೊಂದು ಹನಿ. ಅದರ ಮುಂದಿನ ಸಂತಾನ ನೋಡಿದರೆ ಹೊಳೆಯೇ ಹರಿದಿತ್ತೆಂದು ತಿಳಿಯುತ್ತದೆ. ಇಟಾಲಿಯನ್ನಿನಲ್ಲಿ ‘ಕೊಲ್ಪೊ’, ಸ್ಪ್ಯಾನಿಷ್ ಮತ್ತು ಪೋರ್ಚುಗೀಸಿನಲ್ಲಿ ‘ಗೊಲ್ಪೆ’, ಕತಲಾನಿನಲ್ಲಿ ‘ಕೋಪ್’, ಹಳೆಯ ಫ್ರೆಂಚಿನಲ್ಲಿ ‘ಕೊಲ್ಪ್’, ಈಗಿನ ಫ್ರೆಂಚಿನಲ್ಲಿ ‘ಕೂ’. ಏಟು ಎನ್ನಲು ಈ ಭಾಷೆಗಳಲ್ಲಿರುವ ಅತಿ ಸಾಮಾನ್ಯ ಪದ ಇದೇ. ಕಲಿತವರು ಪುಸ್ತಕ ನೋಡಿ ತಡವಾಗಿ ತಂದ ಪದವಾಗಿದ್ದರೆ ಇವುಗಳಲ್ಲಿ ‘ಫ’ ಇರಬೇಕಿತ್ತು. ಇರುವುದು ಪಕಾರ. ಆ ಒಂದು ವ್ಯಂಜನ ಸಾಕ್ಷಿ ಹೇಳುತ್ತದೆ: ಪದ ಬಂದದ್ದು ಕಿವಿಯಿಂದ ಬಾಯಿಗೆ, ಬಹಳ ಮೊದಲೇ, ಗ್ಯಾನಿಮೀಡ್‌ನಂಥವರ ನಾಲಿಗೆಯ ಮೂಲಕ.

ಏಟಿಗೆ ಶುದ್ಧ ಲ್ಯಾಟಿನ್ನಿನಲ್ಲಿದ್ದ ‘ಇಕ್ಟುಸ್’ ಏನಾಯಿತು? ಸಾಹಿತ್ಯದಲ್ಲಿ ತುಂಬಿ ತುಳುಕುತ್ತಿದ್ದ, ಕವಿಗಳ ಮೆಚ್ಚಿನ ಪದ ಅದು. ಜನರ ನಾಲಿಗೆಯಿಂದ ಅದು ಮಾಯವಾಯಿತು. ಮುಂದೆ ಛಂದಸ್ಸಿನ, ವೈದ್ಯಕೀಯದ ಪಾರಿಭಾಷಿಕವಾಗಿ ಮಾತ್ರ ಮರಳಿತು. ‘ಪ್ಲಾಗಾ’ ಎಂಬ ಇನ್ನೊಂದು ಪದವಿತ್ತು, ಅದು ಹೊಡೆತದ ಅರ್ಥ ಬಿಟ್ಟು ಗಾಯದ ಕಡೆಗೆ ಸರಿಯಿತು. ಖಾಲಿಯಾದ ಜಾಗಕ್ಕೆ ಕೊಲ್ಪುಸ್ ಬಂದು ಕೂತಿತು ಎಂದು ತೋರುತ್ತದೆ. ರುಮೇನಿಯನ್ ಮಾತ್ರ ಈ ದಾರಿ ಹಿಡಿಯಲಿಲ್ಲ. ಅಲ್ಲಿ ಏಟಿಗಿರುವ ಪದದ ಮೂಲ ಸ್ಲಾವಿಕ್.

ಫ್ರೆಂಚಿನಲ್ಲಿ ಈ ಪದದ ಸಂಸಾರ ದೊಡ್ಡದು. ‘ಕೂ’ನಿಂದ ‘ಕೂಪೆ’ ಎಂಬ ಕ್ರಿಯಾಪದ ಹುಟ್ಟಿತು: ಮೊದಲು ಹೊಡೆ, ಆಮೇಲೆ ಒಂದೇಟಿಗೆ ಕಡಿ, ಕೊನೆಗೆ ಬರೀ ಕತ್ತರಿಸು. ಕತ್ತರಿಸಿ ಕೊಟ್ಟ ಚೂರು ‘ಕೂಪನ್’ ಆಯಿತು. ಪಡಿತರ ಅಂಗಡಿಯ ಮುಂದೆ, ದೇವಸ್ಥಾನದ ಊಟದ ಸಾಲಿನಲ್ಲಿ ನಾವು ಕೈಯಲ್ಲಿ ಹಿಡಿದಿರುವ ಕೂಪನ್ ಅದೇ. ‘ಬಹಳ’ ಎನ್ನಲು ಫ್ರೆಂಚರು ದಿನವಿಡೀ ಬಳಸುವ ‘ಬೋಕೂ’ ಪದದ ಬಾಲದಲ್ಲಿರುವುದೂ ಇದೇ ‘ಕೂ’. ಒಂದು ಒಳ್ಳೆಯ ಏಟು, ಒಳ್ಳೆಯ ಪಾಲು, ಆಮೇಲೆ ತುಂಬಾ. ತ್ರೂಫೋ 1959ರಲ್ಲಿ ಮಾಡಿದ ಚಲನಚಿತ್ರದ ಹೆಸರಿನಲ್ಲಿರುವ ನಾನೂರು ಏಟುಗಳೂ ಈ ಪದದವೇ, ಆದರೆ ಅದಕ್ಕೂ ಟೆರೆನ್ಸ್‌ನ ಐನೂರಕ್ಕೂ ಗಂಟುಹಾಕಬಾರದು. ನಾನೂರು ಏಟು ಎಂಬುದು ಪುಂಡಾಟಕ್ಕಿರುವ ಫ್ರೆಂಚ್ ನುಡಿಗಟ್ಟು, ಅದರ ಹುಟ್ಟು ಬೇರೆ.

ಎಲ್ಲಕ್ಕಿಂತ ದೂರ ಹೋದದ್ದು ‘ಕೂ ದೆತಾ’, ಪ್ರಭುತ್ವದ ಏಟು. ಗಬ್ರಿಯೆಲ್ ನೊದೆ 1639ರಲ್ಲಿ ಇದರ ಬಗ್ಗೆಯೇ ಒಂದು ಗ್ರಂಥ ಬರೆದ. ಅವನ ಕಾಲಕ್ಕೆ ಅದು ಆಳುವವನೇ ರಾಜ್ಯದ ಹಿತವೆಂದು ಹೇಳಿ ಕಾನೂನು ಮೀರಿ ಕೊಡುವ ಏಟು. ನೆಪೋಲಿಯನ್ 1799ರಲ್ಲಿ, ಅವನ ತಮ್ಮನ ಮಗ ಲೂಯಿ ನೆಪೋಲಿಯನ್ 1851ರಲ್ಲಿ ಅಧಿಕಾರ ಕಸಿದುಕೊಂಡ ಮೇಲೆ, ಅರ್ಥ ಸರಕಾರವನ್ನೇ ಬಲದಿಂದ ಹಿಡಿಯುವುದಕ್ಕೆ ಹೊರಳಿತು. 1973ರ ಸೆಪ್ಟೆಂಬರ್ 11ರಂದು ಚಿಲಿಯಲ್ಲಿ ಸೈನ್ಯ ಅಲೆಂದೆ ಸರಕಾರವನ್ನು ಉರುಳಿಸಿದ್ದನ್ನು ಅಲ್ಲಿಯ ಜನ ‘ಎಲ್ ಗೊಲ್ಪೆ’ ಎಂದಷ್ಟೇ ಕರೆಯುತ್ತಾರೆ. ಯಜಮಾನನ ಮನೆಯೊಳಗೆ ಗುಲಾಮನ ಮುಖಕ್ಕೆ ಬೀಳುತ್ತಿದ್ದ ಏಟಿನ ಪದ, ಒಂದು ದೇಶದ ಸಂವಿಧಾನದ ಮೇಲೆ ಬೀಳುವ ಏಟಿಗೆ ಹೆಸರಾಯಿತು.

ಇಷ್ಟನ್ನು ಹೇಳಿ ಇದು ಗುಲಾಮರ ಗೆಲುವಿನ ಕಥೆ 
ಎಂದುಬಿಡುವ ಆಸೆ ಹುಟ್ಟುತ್ತದೆ. ಅದಕ್ಕೆ ಒಳಗಾಗಬಾರದು. ಪದ ಉಳಿಯಿತು, ಅದನ್ನು ಉಳಿಸಿದವರು ಉಳಿಯಲಿಲ್ಲ. ‘ಬೋಕೂ’ ಎನ್ನುವಾಗ ಪ್ಯಾರಿಸಿನವರಿಗೆ ಎಪೈರಸ್ಸಿನ ನೆನಪಾಗುವುದಿಲ್ಲ, ಆಗಬೇಕೆಂದು ಕೇಳುವುದೂ ನ್ಯಾಯವಲ್ಲ. ಬಾಯಿಮಾತಿನಲ್ಲಿ ಬಂದದ್ದು ಮಾತ್ರ ಉಳಿಯುತ್ತದೆ, ವಿದ್ವಾಂಸರು ತಂದದ್ದು ಒಣಗಿಹೋಗುತ್ತದೆ ಎಂದು ವಾದಿಸುವವರೂ ಇದ್ದಾರೆ. ಅದು ನಿಲ್ಲುವ ವಾದವಲ್ಲ. ಟೈಬೀರಿಯಸ್ ಹೊರಗಟ್ಟಿದ ಎಂಬ್ಲೆಮಾ, ಕ್ಷಮೆ ಕೇಳಿ ನುಡಿದ ಮೊನೊಪೊಲಿಯುಮ್ ಎರಡೂ ಪುಸ್ತಕಗಳ ಮೂಲಕವೇ ಇಂದಿನ ಯುರೋಪಿನ ಭಾಷೆಗಳನ್ನು ಸೇರಿವೆ. ನಮ್ಮ ‘ಕೇಂದ್ರ’ವನ್ನೇ ನೋಡಿ. ಗ್ರೀಕಿನ ‘ಕೆಂಟ್ರೊನ್’ ಜ್ಯೋತಿಷಿಗಳ ಗ್ರಂಥಗಳಲ್ಲಿ ಸಂಸ್ಕೃತಕ್ಕೆ ಬಂದು, ಅಲ್ಲಿಂದ ಕನ್ನಡಕ್ಕಿಳಿದು, ಇವತ್ತು ಕೇಂದ್ರ ಸರಕಾರದಿಂದ ಆರೋಗ್ಯ ಕೇಂದ್ರದವರೆಗೆ ಹಳ್ಳಿಹಳ್ಳಿಯಲ್ಲಿ ನಿಂತಿದೆ. ಅದನ್ನು ಹೊತ್ತು ತಂದವರು ಪಂಡಿತರೇ.

ಹಾಗಾಗಿ ನನ್ನ ವಾದ ಇಷ್ಟಕ್ಕೆ ಸೀಮಿತ. ಪುಸ್ತಕದ ದಾರಿಯ ಪದಗಳಿಗೆ ತಮ್ಮ ಪಯಣದ ದಾಖಲೆ ಜೊತೆಗೇ ಇರುತ್ತದೆ. ‘ಕೆಂಟ್ರೊನ್’ ಯಾವ ಶಾಸ್ತ್ರದ ಮೂಲಕ ಬಂತೆಂದು ನಾವು ತೋರಿಸಬಲ್ಲೆವು. ಬಾಯಿಯ ದಾರಿಯ ಪದಗಳಿಗೆ ದಾಖಲೆ ಇರುವುದಿಲ್ಲ. ದಾಖಲೆ ಇಲ್ಲದ್ದನ್ನು ‘ಇರಲಿಲ್ಲ’ ಎಂದೋ ‘ವಿರಳವಾಗಿತ್ತು’ ಎಂದೋ ಓದುವುದು ವಿದ್ವತ್ತಿನ ತಪ್ಪು, ಮತ್ತು ಅದು ಬರೆಯಲಾರದವರಿಗೆ ಎರಡನೆಯ ಸಲ ಮಾಡುವ ಅನ್ಯಾಯ. ‘ಅಪರೂಪ’ ಎಂದು ನಿಘಂಟು ಹೇಳಿದಾಗ, ಯಾರ ಬರಹದಲ್ಲಿ ಎಂದು ಕೇಳಬೇಕು. ಕೊಲಫುಸ್‌ನ ವಿಷಯದಲ್ಲಿ ಉತ್ತರ ಗೊತ್ತಿದೆ: ಏಟು ಕೊಡುತ್ತಿದ್ದವರ ಬರಹದಲ್ಲಿ.

ನಮ್ಮ ನಿಘಂಟುಗಳಲ್ಲೂ ‘ಗ್ರಾಮ್ಯ’ ಎಂಬ ಗುರುತು ಇದೆ. ಎಪಿಎಂಸಿ ಅಂಗಳದ ಹಮಾಲರು, ಬೀಡಿ ಕಟ್ಟುವ ಹೆಂಗಸರು, ಕಾಫಿ ತೋಟದ ಆಳುಗಳು, ಊರು ಬಿಟ್ಟು ಬೆಂಗಳೂರಿನ ಕಟ್ಟಡಗಳಲ್ಲಿ ದುಡಿಯುತ್ತಿರುವ ಉತ್ತರ ಕರ್ನಾಟಕದವರು ತಮ್ಮ ದುಡಿಮೆ, ಕೂಲಿ, ಬೈಗುಳ, ನೋವಿಗೆ ಬಳಸುವ ಪದಗಳಲ್ಲಿ ಎಷ್ಟೋ ಆ ಗುರುತಿನ ಕೆಳಗೂ ಬಂದಿಲ್ಲ. ಲ್ಯಾಟಿನ್ನಿನವರಿಗೆ ಇಲ್ಲದ ಅನುಕೂಲ ನಮಗಿದೆ. ಪ್ರತಿಯೊಬ್ಬರ ಜೇಬಿನಲ್ಲೂ ಧ್ವನಿ ಮುದ್ರಿಸುವ ಯಂತ್ರವಿದೆ. ಕನ್ನಡ ಅಧ್ಯಾಪಕರು, ವಿದ್ಯಾರ್ಥಿಗಳು, ಕೆಲಸದ ನಡುವೆ ಈ ಜನರ ಜೊತೆ ಒಡನಾಡುವ ಯಾರಾದರೂ ಸರಿ, ಅವರ ಒಪ್ಪಿಗೆ ಪಡೆದು ಆ ಮಾತುಗಳನ್ನು ಮುದ್ರಿಸಿಕೊಳ್ಳಿ. ಊರು, ದಿನ, ಕಸುಬು ಬರೆದಿಡಿ. ಅವರು ಉಚ್ಚರಿಸಿದಂತೆಯೇ ಬರೆದಿಡಿ, ತಿದ್ದಬೇಡಿ.